ಆವಾಸದಾನ ಮತ್ತು ನದೀತೀರದ ವಾಸ್ತು: ಒಂದು ವಿಮರ್ಶೆ

ಮೈಸೂರಿನ ಮಂಡಿ ಮೊಹಲ್ಲಾ ಹೆಸರಿನಿಂದಲೇ ವ್ಯಾಪಾರದ ಕೇರಿ. 1906ರಲ್ಲಿ ಆರಂಭವಾದ, ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಉಳಿದಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇಲ್ಲಿಯದೇ. ಅಶೋಕ ರಸ್ತೆ, ಇರ್ವಿನ್ ರಸ್ತೆಗಳ ಆಸುಪಾಸಿನ ಗಲ್ಲಿಗಳಲ್ಲಿ ಹೆಂಚಿನ ಮಾಡು, ಸುಣ್ಣದ ಗಾರೆಯ ದಪ್ಪ ಗೋಡೆ, ಬೀದಿಗೆ ಚಾಚಿದ ಜಗಲಿ ಇರುವ ಹಳೆಯ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅಂತಹ ಮನೆಯೊಂದರ ಪಕ್ಕದ ಗೋಡೆಯನ್ನು ಸಾವಧಾನವಾಗಿ ನೋಡಿದವರಿಗೆ ಸಮ ಅಂತರದಲ್ಲಿ, ಸಾಲುಸಾಲಾಗಿ, ಮುಷ್ಟಿ ಹಿಡಿಯುವಷ್ಟು ರಂಧ್ರಗಳು ಕಾಣುವುದುಂಟು. ಅವು ಅಲಂಕಾರವಲ್ಲ, ಗೋಡೆ ಬಿರಿದದ್ದೂ ಅಲ್ಲ. ಹಿಂದಿನ ಮೇಸ್ತ್ರಿಗಳು ಗೋಡೆ ಎಬ್ಬಿಸುವಾಗ ಸಾರುವೆಯ ಅಡ್ಡಗಳುಗಳ ತುದಿಯನ್ನು ಗೋಡೆಯೊಳಕ್ಕೇ ಸೇರಿಸುತ್ತಿದ್ದರು. ಕೆಲಸ ಮುಗಿದು ಗಳು ಹೊರಬಂದಾಗ ರಂಧ್ರ ಉಳಿಯುತ್ತಿತ್ತು. ಮತ್ತೆ ಸುಣ್ಣ ಬಳಿಯಲು, ದುರಸ್ತಿ ಮಾಡಲು ಅದೇ ರಂಧ್ರ ಬೇಕಾಗುವುದರಿಂದ ಅದನ್ನು ಮುಚ್ಚುವ ಆತುರ ಯಾರಿಗೂ ಇರುತ್ತಿರಲಿಲ್ಲ. ಆ ನಡುವಿನ ಕಾಲವೆಲ್ಲ ಅದು ಗುಬ್ಬಚ್ಚಿಯ ಮನೆ.

ಒಂದೇ ಅಳತೆಯ ಬಿಡಿ ಘಟಕವನ್ನು ಮತ್ತೆ ಮತ್ತೆ ಜೋಡಿಸಿ ಕಟ್ಟಡಗಳಲ್ಲಿ, ಸೇತುವೆಗಳಲ್ಲಿ, ನದಿಯ ದಡಗಳಲ್ಲಿ ಕಾಡುಜೀವಿಗಳಿಗೆ ನೆಲೆ ಕಲ್ಪಿಸುವ ವಿದ್ಯೆ ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಅನೇಕ ನಗರಗಳಲ್ಲಿ ಬೆಳೆದಿದೆ. ವಾಸ್ತುಶಿಲ್ಪಿಗಳು ಇದನ್ನು ಮಾಡ್ಯೂಲರ್ ರಚನೆ ಎನ್ನುತ್ತಾರೆ. ಇದೊಂದು ಹೊಸ ಆವಿಷ್ಕಾರವೆಂಬಂತೆ ಕೆಲವೊಮ್ಮೆ ವರ್ಣಿಸಲ್ಪಡುತ್ತದೆ. ಸಾರುವೆಯ ರಂಧ್ರವನ್ನು ಬಲ್ಲ ಮೊಹಲ್ಲಾದ ಹಿರಿಯರಿಗೆ ಅದರ ತತ್ತ್ವದಲ್ಲಿ ಹೊಸತೇನೂ ತೋರದು. ಹೊಸತಾಗಿರುವುದು ಅದರ ಅಗತ್ಯ; ಏಕೆಂದರೆ ಮೊದಲು ತಾನಾಗಿ ಒದಗುತ್ತಿದ್ದುದನ್ನು ಈಗ ಬೇಕೆಂದೇ ಬಿಡಬೇಕಾಗಿದೆ. ಜೀವದಯೆಯನ್ನೇ ಆಚಾರದ ಅಡಿಗಲ್ಲಾಗಿಸಿಕೊಂಡ ಸಮಾಜವು ಈ ವಿದ್ಯೆಯನ್ನು ಹೇಗೆ ನೋಡಬೇಕು, ಅದರ ಮೆಚ್ಚತಕ್ಕ ಅಂಶವಾವುದು, ಸಂದೇಹಪಡತಕ್ಕ ಅಂಶವಾವುದು ಎಂಬುದನ್ನು ಪರಿಶೀಲಿಸುವುದು ಉಚಿತವಾಗಿದೆ.

ಮೊದಲು ದಾನದ ಮಾತು. ಪಕ್ಷಿಗಳಿಗೆ ಕಾಳು ಹಾಕುವುದು ಜೈನ ಗೃಹಸ್ಥರ ನಿತ್ಯಕರ್ಮದಂತೆಯೇ ಬೆಳೆದು ಬಂದ ಪದ್ಧತಿ. ಅದರ ಹಿಂದಿರುವ ಕಾರುಣ್ಯವನ್ನು ಪ್ರಶ್ನಿಸುವಂತಿಲ್ಲ. ಆದರೆ ಅದರ ಫಲವನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು. 2025ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಂಬೈಯ ಕಬೂತರ್‌ಖಾನೆಗಳನ್ನು ಮುಚ್ಚುವ ವಿಚಾರವು ಬೀದಿಗೂ ಹೈಕೋರ್ಟಿಗೂ ಹೋಯಿತು. ದಾದರ್‌ನ ಕಬೂತರ್‌ಖಾನೆಗೆ ಹೊದಿಸಿದ್ದ ಟಾರ್ಪಾಲನ್ನು ಪ್ರತಿಭಟನಕಾರರು ಕಿತ್ತುಹಾಕಿದರು. ಅದೇ ವರ್ಷ ಮೈಸೂರಿನಲ್ಲಿಯೂ ಅರಮನೆಯ ಮುಂಭಾಗದಲ್ಲಿ ಪಾರಿವಾಳಗಳಿಗೆ ಧಾನ್ಯ ಸುರಿಯುವ ಪದ್ಧತಿ ಆಕ್ಷೇಪಕ್ಕೆ ಗುರಿಯಾಯಿತು. ಹಿಕ್ಕೆಯಿಂದ ಪಾರಂಪರಿಕ ಕಟ್ಟಡಕ್ಕೂ ಪ್ರತಿಮೆಗೂ ಆಗುವ ಹಾನಿ, ಶ್ವಾಸಕೋಶದ ರೋಗದ ಭಯ ಎರಡೂ ಚರ್ಚೆಗೆ ಬಂದವು. ಇಕ್ಕೆಡೆಯವರೂ ಕಾಳು ಹಾಕಬೇಕೇ ಬೇಡವೇ ಎಂಬಷ್ಟಕ್ಕೇ ವಾದವನ್ನು ಸೀಮಿತಗೊಳಿಸಿದರು. ಪಾರಿವಾಳವು ಮೂಲತಃ ಬಂಡೆಯ ಕೋಡುಗಳಲ್ಲಿ ಗೂಡಿಡುವ ಹಕ್ಕಿ, ನಗರದ ಕಾಂಕ್ರೀಟಿನ ಅಂಚು, ಸಜ್ಜಾ, ಬಾಲ್ಕನಿಗಳು ಅದಕ್ಕೆ ತಯಾರಾದ ಬಂಡೆಕೋಡುಗಳೇ ಆಗಿವೆ ಎಂಬ ಮುಖ್ಯ ಸಂಗತಿ ಮಾತ್ರ ಹಿಂದೆ ಉಳಿಯಿತು. ವಸತಿಯನ್ನು ನಗರವೇ ಒದಗಿಸಿದೆ, ಆಹಾರವನ್ನು ದಾನಿಗಳು ಒದಗಿಸುತ್ತಾರೆ, ಸಂಖ್ಯೆ ಏರುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತ 2023ರ ವರದಿಯು ಪಾರಿವಾಳವನ್ನು ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿಯೇ ಇರಿಸಿದೆ. ಅತ್ತ ಹೆಂಚಿನ ಸಂದು, ಗೋಡೆಯ ರಂಧ್ರ ಕಳೆದುಕೊಂಡ ಗುಬ್ಬಚ್ಚಿಗೆ ಅರಮನೆಯ ಮುಂದೆ ಮೂಟೆಗಟ್ಟಲೆ ಸುರಿದ ಜೋಳದಿಂದ ಸಂತಾನ ಬೆಳೆಯದು. ಅದರ ಮರಿ ಮೊದಲ ದಿನಗಳಲ್ಲಿ ಬೆಳೆಯುವುದು ಹುಳುಹುಪ್ಪಟೆ ತಿಂದು. ಅದಕ್ಕೆ ಬೇಕಾದುದು ಗಿಡಗಂಟಿ ಮತ್ತು ಒಂದು ಬಿಲ.

ಹಾಗಾದರೆ ಧರ್ಮಗ್ರಂಥಗಳು ಆಹಾರದಾನವೊಂದನ್ನೇ ಹೇಳಿವೆಯೇ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಪ್ರತಿಯೊಂದು ಜೈನ ಮನೆಯ ಮಕ್ಕಳಿಗೂ ಗೊತ್ತು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಪಟ್ಟಿಯನ್ನು ಸ್ವಲ್ಪ ಬೇರೆಯಾಗಿ ಕೊಟ್ಟಿದ್ದಾರೆ: ಆಹಾರ ಮತ್ತು ಔಷಧಗಳ ಜೊತೆಗೆ ಉಪಕರಣವನ್ನೂ ಆವಾಸವನ್ನೂ ಅವರು ಹೆಸರಿಸುತ್ತಾರೆ. ಅಲ್ಲಿನ ಸಂದರ್ಭ ಮುನಿಗಳ ವೈಯಾವೃತ್ಯದ್ದು, ಹಕ್ಕಿಗಳದ್ದಲ್ಲ ಎಂಬುದನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಆದರೂ ಇರಲು ಎಡೆಕೊಡುವುದನ್ನು ಉಣ್ಣಲು ಕೊಡುವುದರ ಸಮಕ್ಕೆ ಇಟ್ಟು ನೋಡುವ ದೃಷ್ಟಿಯೊಂದು ಪರಂಪರೆಯಲ್ಲಿ ಇತ್ತೆಂಬುದು ಗಮನಾರ್ಹ. ಆ ದೃಷ್ಟಿಯು ಸಮಾಜದ ಜೀವದಯಾ ಕಾರ್ಯಗಳಲ್ಲಿ ಏಕೆ ತೆಳುವಾಯಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಚಾಮುಂಡಿಬೆಟ್ಟದ ತಪ್ಪಲಿನ ಪಿಂಜರಾಪೋಲ್ ದನಕರುಗಳಿಗೆ ಆಶ್ರಯವನ್ನೇ ಕೊಡುತ್ತದೆ, ನಿಜ. ಆದರೆ ಅದು ಅಳಿದುಳಿದ ಸಾಕುಪ್ರಾಣಿಗಳ ಆಶ್ರಯ. ಯಾರೂ ಸಾಕದ, ಯಾರ ಕೈಯಿಂದಲೂ ತಿನ್ನದ ಜೀವಿಗೆ ಆಶ್ರಯ ಕೊಡುವುದೆಂದರೆ ಬೇರೆಯೇ ಬಗೆಯ ಕೆಲಸ.

ವಾಸ್ತುವಿನ ದೃಷ್ಟಿಯಿಂದ ಜೈನ ಜೀವದಯೆಯ ಅತ್ಯಂತ ಸುಂದರ ಕೃತಿಯೆಂದರೆ ಗುಜರಾತಿನ ಚಬೂತರ. ಅಹಮದಾಬಾದಿನ ಪೋಳಗಳೆಂಬ ಹಳೆಯ ಓಣಿಗಳಲ್ಲಿ ಒಂದೇ ಕಂಬದ ಮೇಲೆ ಆರು ಅಥವಾ ಎಂಟು ಮೂಲೆಯ ಪುಟ್ಟ ಮಂಟಪ, ಅದಕ್ಕೆ ಕೆತ್ತನೆಯ ಮರದ ಆಧಾರಪಟ್ಟಿಗಳು, ಮೇಲೆ ಗೋಪುರದಂತಹ ಸೂರು. ಬೆಕ್ಕು ಏರಲಾರದು, ನಾಯಿ ಮುಟ್ಟಲಾರದು, ಓಣಿಯ ಯಾವ ಮನೆಯಿಂದಲೂ ಕಾಣುತ್ತದೆ. ಇಡೀ ಓಣಿಯ ಕರುಣೆಗೆ ಅದೊಂದು ಕೇಂದ್ರಬಿಂದು. ಆದರೆ ವಿಮರ್ಶಕನ ಕಣ್ಣಿಗೆ ಬೀಳುವ ಅದರ ಮಿತಿಯನ್ನು ಹೇಳದೆ ಬಿಡಲಾಗದು. ಚಬೂತರ ಬಹುಪಾಲು ಊಟದ ಮೇಜು, ಮನೆಯಲ್ಲ. ಅದರ ಕಲೆಯೆಲ್ಲ ನೋಡುವ ಮನುಷ್ಯನ ಕಡೆಗೆ ಮುಖ ಮಾಡಿದೆ. ಬರುವ ಹಕ್ಕಿಯೂ ಮನುಷ್ಯನಿಗೆ ಹೆದರದ, ಕಾಳು ತಿನ್ನುವ, ಗುಂಪುಗೂಡುವ ಹಕ್ಕಿಯೇ. ಓಣಿಯ ಗೋಡೆಗಳ ಸಂದಿನಲ್ಲಿ, ಮರದ ತೊಲೆಗಳ ಹಿಂದೆ ಸದ್ದಿಲ್ಲದೆ ಬದುಕುತ್ತಿದ್ದ ಜೀವಿಗಳಿಗೆ ಚಬೂತರದ ಅಗತ್ಯವಿರಲಿಲ್ಲ. ಅವಕ್ಕೆ ಓಣಿಯೇ ಸಾಕಾಗಿತ್ತು.

ಅದೇ ಅಹಮದಾಬಾದು ತನ್ನ ನದಿಗೆ ಮಾಡಿದ್ದೇನು? ಸಾಬರಮತಿ ನದೀಮುಖ ಯೋಜನೆಯ ಕಾಮಗಾರಿ 2005ರಲ್ಲಿ ಆರಂಭವಾಯಿತು. ದಡದ ಮೇಲಿನ ವಿಹಾರಪಥಗಳು 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಸುಮಾರು 11 ಕಿಲೋಮೀಟರ್ ಉದ್ದಕ್ಕೆ ಎರಡೂ ದಡಗಳಲ್ಲಿ ಕಾಂಕ್ರೀಟಿನ ಗೋಡೆ ಎದ್ದಿತು, ಎಲ್ಲೆಲ್ಲಿಯೋ ಅಗಲ ಎಲ್ಲೆಲ್ಲಿಯೋ ಕಿರಿದಾಗಿದ್ದ ನದಿಯ ಪಾತ್ರ 263 ಮೀಟರಿನ ಏಕರೂಪದ ಅಗಲಕ್ಕೆ ಬಂತು, ಸುಮಾರು 200 ಹೆಕ್ಟೇರ್ ನೆಲ ನಗರಕ್ಕೆ ದೊರೆಯಿತು. ಮೋರಿಯಾಗಿದ್ದ ನದಿಗೆ ನರ್ಮದೆಯ ಕಾಲುವೆಯ ನೀರು ನಿಂತಿತು, ಜನ ಸಂಜೆ ನಡೆದಾಡಲು ಬಂದರು. ಇವು ಅಲ್ಲಗಳೆಯುವ ಸಂಗತಿಗಳಲ್ಲ. ಆದರೆ ಆ ಗೋಡೆಯನ್ನು ಒಂದು ಜೀವಿಯ ಕಣ್ಣಿನಿಂದ ನೋಡಿದರೆ? ಮಿಂಚುಳ್ಳಿಗೆ ಬಿಲ ತೋಡಲು ಮಣ್ಣಿನ ಕಡಿದಾದ ದಂಡೆಯಿಲ್ಲ. ಆಮೆಗೆ ಮೇಲೇರಲು ಇಳಿಜಾರಿಲ್ಲ. ಸಣ್ಣ ಮೀನಿಗೆ ಅಡಗಲು ಬೇರಿಲ್ಲ, ಕಲ್ಲಿನ ಸಂದಿಲ್ಲ. ಉಬ್ಬುತಗ್ಗಿಲ್ಲದ ಮೈಯಲ್ಲಿ ನೀರೂ ನಿಲ್ಲದು, ಪಾಚಿಯೂ ಹತ್ತದು. ಚಬೂತರಗಳ ನಗರವೇ ಇಂತಹ ಗೋಡೆಯನ್ನು ಕಟ್ಟಿತೆಂಬುದು ವಿಪರ್ಯಾಸವಲ್ಲ. ಒಂದೇ ಮನೋಭಾವದ ಎರಡು ಮುಖಗಳು. ಕಣ್ಣೆದುರು ಕಾಳು ತಿನ್ನುವ ಹಕ್ಕಿಗೆ ಕಂಬದ ಮೇಲೆ ಮಂಟಪ, ಕಣ್ಣಿಗೆ ಬೀಳದ ಜೀವಿಯ ಬಿಲಕ್ಕೆ ಸಿಮೆಂಟು.

ಮಂಡಿ ಮೊಹಲ್ಲಾದಲ್ಲಿ ನದಿಯಿಲ್ಲ, ಆದುದರಿಂದ ಈ ಮಾತು ಅಲ್ಲಿಗೆ ಸಂಬಂಧಿಸಿದ್ದಲ್ಲ ಎಂದು ಯಾರಾದರೂ ಹೇಳಬಹುದು. ಮೈಸೂರು ನಗರ ನಿಂತಿರುವುದು ಕಾವೇರಿ ಮತ್ತು ಕಪಿಲೆಗಳ ನಡುವಿನ ದಿಣ್ಣೆಯ ಮೇಲೆ. ಉತ್ತರದ ಇಳಿಜಾರಿನ ನೀರು ಕೆಸರೆಯ ದಿಕ್ಕಿಗೆ ಹರಿದು ಕಾವೇರಿಯ ಕಡೆಗೆ ಸಾಗುತ್ತದೆ. ನಲ್ಲಿಯಲ್ಲಿ ಬರುವುದೂ ಬಹುಕಾಲದಿಂದ ಕಾವೇರಿಯೇ. ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದಲ್ಲಿ ಕೋಟೆಯೊಳಗೆ ಆದಿನಾಥ ಬಸದಿಯಿದೆ. ಮೊಹಲ್ಲಾದ ಕುಟುಂಬಗಳಿಗೆ ಆ ದಾರಿ ಹೊಸದಲ್ಲ. ಆ ಊರಿನ ಸುತ್ತ ನದಿಯಲ್ಲಿ ಮನುಷ್ಯ ಕಟ್ಟಿದ ಹಲವು ಕಟ್ಟಡಗಳಿವೆ, ಅವುಗಳಲ್ಲಿ ಒಂದು ಈ ವಿಷಯಕ್ಕೆ ಸಿಗಬಹುದಾದ ಅತ್ಯುತ್ತಮ ನಿದರ್ಶನ.

ಅದೇ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಲಾಯಿತು. ಉದ್ದೇಶ ನೀರಾವರಿ. ಒಡ್ಡಿನ ಹಿಂದೆ ನೀರು ನಿಂತು, ನದಿಯ ವೇಗ ತಗ್ಗಿ, ಪಾತ್ರದ ನಡುವೆ ತಿಟ್ಟುಗಳು ನೀರಿನಿಂದ ಸುತ್ತುವರಿದು ಉಳಿದವು. ಸುತ್ತಲೂ ನೀರಿರುವ ತಿಟ್ಟಿಗೆ ನಾಯಿ, ನರಿ ಸುಲಭವಾಗಿ ದಾಟಿ ಬರಲಾರವು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು ಅಲ್ಲಿ ಗೂಡಿಟ್ಟವು. ಸುಮಾರು ಮುನ್ನೂರು ವರ್ಷಗಳ ನಂತರ ಪಕ್ಷಿವಿಜ್ಞಾನಿ ಸಲೀಂ ಅಲಿ ಅವರು ಇದನ್ನು ಗುರುತಿಸಿ, ಮೈಸೂರು ಅರಸರ ಮನವೊಲಿಸಿದ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಪ್ರಕೃತಿಯ ವರದಾನವೆಂದು ಶಾಲಾಮಕ್ಕಳು ಓದುವ ರಂಗನತಿಟ್ಟು, ಹೀಗೆ, ಅರ್ಧದಷ್ಟು ಕಟ್ಟಡದ ಕೂಸು.

ಇಲ್ಲಿಯ ಪಾಠ ಒಡ್ಡಿನೊಂದಿಗೆ ಮುಗಿಯುವುದಿಲ್ಲ. ಮೇಲ್ಗಡೆಯ ಕೃಷ್ಣರಾಜಸಾಗರದಿಂದ ಮಳೆಗಾಲದಲ್ಲಿ ಭಾರಿ ಪ್ರಮಾಣದ ನೀರು ಬಿಟ್ಟಾಗ ತಿಟ್ಟುಗಳ ಅಂಚು ಕೊಚ್ಚಿಹೋಗುತ್ತದೆ. 2018 ಮತ್ತು 2019ರ ಪ್ರವಾಹಗಳು ವಿಶೇಷವಾಗಿ ಹಾನಿಕರವಾಗಿದ್ದವು. ಸವೆದ ಅಂಚುಗಳನ್ನು ಅರಣ್ಯ ಇಲಾಖೆ ಬಲಪಡಿಸಿದ್ದು ಮರಳಿನ ಚೀಲಗಳನ್ನು ಪೇರಿಸಿ. ಮಾಡ್ಯೂಲ್ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕೆ? ಒಂದೇ ಅಳತೆಯ ಘಟಕ, ಇಬ್ಬರು ಎತ್ತಬಲ್ಲ ಭಾರ, ಒಂದು ಕಳಚಿದರೆ ಇನ್ನೊಂದನ್ನು ಇಡಬಹುದು, ಸಂದುಗಳಲ್ಲಿ ಬೇರು ಇಳಿಯಬಹುದು. ನೋಡಲು ಚೆಂದವಿಲ್ಲ. ಅದರ ಮೇಲೆ ದಾನಿಯ ಹೆಸರು ಕೆತ್ತಲೂ ಬರುವುದಿಲ್ಲ. ಚೀಲದ ಪ್ಲಾಸ್ಟಿಕ್ ನೂಲು ಕಾಲಾನಂತರದಲ್ಲಿ ನದಿಯ ಪಾಲಾಗುವ ದೋಷವೂ ಉಂಟು. ಸೆಣಬು ಅಥವಾ ತೆಂಗಿನ ನಾರಿನ ಚೀಲವಾದರೆ ಆ ದೋಷ ತಪ್ಪುತ್ತದೆ, ಬಾಳಿಕೆ ಕಡಿಮೆಯಾಗುತ್ತದೆ. ಆದರೂ ಸಾಬರಮತಿಯ ಗೋಡೆಗೂ ಈ ಚೀಲಗಳ ಸಾಲಿಗೂ ಇರುವ ಅಂತರ ಹಣದ್ದಲ್ಲ. ಒಂದು ನದಿಯನ್ನು ಹೊರಗಿಟ್ಟಿತು, ಇನ್ನೊಂದು ತಿಟ್ಟನ್ನು ಉಳಿಸಿತು.

ಶ್ರೀರಂಗಪಟ್ಟಣದಲ್ಲಿಯೇ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯೂ ಇದೆ. ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಇಡೀ ಸೇತುವೆ ಈ ಕೆಲವೇ ಅಂಗಗಳ ಪುನರಾವೃತ್ತಿ. ಬಸದಿಯ ಮುಖಮಂಟಪ ಕಟ್ಟುವ ಕ್ರಮವೂ ಇದೇ ಅಲ್ಲವೇ? ಬಿಡಿ ಘಟಕಗಳ ವಾಸ್ತು ಕನ್ನಡ ನಾಡಿನ ಶಿಲ್ಪಿಗೆ ಹುಟ್ಟಾ ತಿಳಿದದ್ದು. ಹೊರಗಿನಿಂದ ತರಬೇಕಾದ ವಿದ್ಯೆಯಲ್ಲ.

ಹೊರಗಿನವರು ಮಾಡಿರುವುದನ್ನೂ ನೋಡಬೇಕು, ಅದರಲ್ಲಿ ಕಲಿಯುವುದಿದೆ. ಆಸ್ಟ್ರೇಲಿಯದ ಸಿಡ್ನಿ ಬಂದರಿನಲ್ಲಿ 2018ರಿಂದ ಕಡಲಗೋಡೆಗಳಿಗೆ ಆರು ಮೂಲೆಯ ಕಾಂಕ್ರೀಟ್ ಫಲಕಗಳನ್ನು ಜೋಡಿಸುತ್ತಿದ್ದಾರೆ. ಒಂದು ಫಲಕದ ಮೈ ಬಂಡೆಯ ಕುಳಿಯಂತೆ, ಇನ್ನೊಂದರದು ಕಾಂಡ್ಲಾ ಬೇರಿನಂತೆ. ನಯವಾದ ಗೋಡೆಗಿಂತ ಹೆಚ್ಚು ಬಗೆಯ ಜೀವಿಗಳು ಇಂತಹ ಫಲಕಗಳ ಮೇಲೆ ನೆಲೆಸಿವೆ. ಅಮೆರಿಕದ ಷಿಕಾಗೋ ನದಿಯ ಉಕ್ಕಿನ ಗೋಡೆಗಳ ನಡುವೆ 2017ರಿಂದ ತೇಲುವ ತೋಟದ ತುಂಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬೆಳೆಸಲಾಗುತ್ತಿದೆ. ಇಂಗ್ಲೆಂಡಿನ ಬ್ರೈಟನ್ ನಗರ 2020ರಿಂದ 5 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಲ್ಲಿ ಸ್ವಿಫ್ಟ್ ಹಕ್ಕಿಗಾಗಿ ಟೊಳ್ಳು ಇಟ್ಟಿಗೆಯನ್ನು ಕಡ್ಡಾಯ ಮಾಡಿತು. ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು ಟೆಕ್ಸಾಸಿನ ಆಸ್ಟಿನ್ ನಗರದ ಕಾಂಗ್ರೆಸ್ ಅವೆನ್ಯೂ ಸೇತುವೆ. 1980ರಲ್ಲಿ ಅದನ್ನು ನವೀಕರಿಸಿದಾಗ ಕೆಳಭಾಗದ ಕಾಂಕ್ರೀಟ್ ತೊಲೆಗಳ ನಡುವೆ ಕಿರಿದಾದ, ಆಳವಾದ ಸೀಳುಗಳು ಉಳಿದವು. ಎಂಜಿನಿಯರುಗಳ ಲೆಕ್ಕದಲ್ಲಿ ಅವು ಕಾಂಕ್ರೀಟ್ ಹಿಗ್ಗಲು ಬಿಟ್ಟ ಸಂದುಗಳು. ಬಾವಲಿಗಳಿಗೆ ಅವು ಗುಹೆ. ಲಕ್ಷಾಂತರ ಬಾವಲಿಗಳು ಬಂದಾಗ ಊರಿನವರು ಭಯಗೊಂಡು ಅವನ್ನು ಓಡಿಸಬೇಕೆಂದರು. ಅವು ರಾತ್ರಿ ತಿನ್ನುವುದು ಬೆಳೆಗೆ ಕಂಟಕವಾದ ಕೀಟಗಳನ್ನೆಂದು ತಿಳಿದವರು ವಿವರಿಸಿದ ಮೇಲೆ ಭಯ ಇಳಿಯಿತು. ಇಂದು ಬೇಸಿಗೆಯಲ್ಲಿ ಅಲ್ಲಿ ಸುಮಾರು 15 ಲಕ್ಷ ಬಾವಲಿಗಳಿರುವುದೆಂದು ಅಂದಾಜು, ಸಂಜೆ ಅವು ಹಾರುವುದನ್ನು ನೋಡಲು ಜನ ದಂಡೆಯ ಮೇಲೆ ಕಾದು ನಿಲ್ಲುತ್ತಾರೆ.

ಈ ಕೃತಿಗಳ ಬಗ್ಗೆ ಇರುವ ಆಕ್ಷೇಪವನ್ನೂ ಹೇಳಬೇಕು. ಫಲಕವಾಗಲಿ, ಪೆಟ್ಟಿಗೆಯಾಗಲಿ, ಟೊಳ್ಳು ಇಟ್ಟಿಗೆಯಾಗಲಿ, ಕೆಟ್ಟ ಗೋಡೆಯ ಮೇಲಿನ ಪ್ರಾಯಶ್ಚಿತ್ತವಾಗಿಬಿಡುವ ಅಪಾಯವಿದೆ. ಗೋಡೆ ಬೇಕೇ ಎಂಬ ಪ್ರಶ್ನೆಯನ್ನು ಕೇಳದೆ, ಗೋಡೆ ಕಟ್ಟಿ ಆದ ಮೇಲೆ ಹತ್ತು ಫಲಕ ತೂಗುಹಾಕಿ, ಛಾಯಾಚಿತ್ರ ತೆಗೆಸಿಕೊಂಡರೆ ಅದು ಅಲಂಕಾರ. ಇದನ್ನು ಅರಿಯಲು ರಂಗನತಿಟ್ಟಿಗೇ ಮರಳಬಹುದು. ಅಲ್ಲಿ ಕಂದು ನೆತ್ತಿಯ, ಕತ್ತಿನಲ್ಲಿ ಗೀರುಗಳುಳ್ಳ ಅಂಬರಗುಬ್ಬಿಗಳ ದೊಡ್ಡ ಹಿಂಡಿದೆ. ನೀರಿನ ಮೇಲೆ ಬಾಗಿದ ಬಂಡೆ, ಸೇತುವೆ, ಮೋರಿಗಳ ಒಳಮೈಗೆ ಈ ಜಾತಿಯ ಹಕ್ಕಿಗಳು ಮಣ್ಣಿನ ಗೂಡುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟುತ್ತವೆ. ಪ್ರತಿ ಗೂಡಿಗೂ ಕೊಳವೆಯಂತಹ ಬಾಯಿ, ಪಕ್ಕದ ಗೂಡಿನ ಗೋಡೆಯೇ ಇದರ ಗೋಡೆ. ಬಿಡಿ ಘಟಕಗಳ ವಾಸ್ತುವಿನಲ್ಲಿ ಇವನ್ನು ಮೀರಿಸಿದ ಮೇಸ್ತ್ರಿ ಇಲ್ಲ. ಈ ಹಕ್ಕಿಗೆ ಮನುಷ್ಯ ಪೆಟ್ಟಿಗೆ ಕೊಡಬೇಕಾಗಿಲ್ಲ, ಸೇತುವೆಯೊಂದಿದ್ದರೆ ಸಾಕು. ಆದರೆ ಗೂಡಿಗೆ ಬೇಕಾದ ಮಣ್ಣನ್ನು ಅದು ಕೊಕ್ಕಿನಲ್ಲಿ ಉಂಡೆಯುಂಡೆಯಾಗಿ ತರುವುದು ನೀರಂಚಿನ ಹಸಿ ಕೆಸರಿನಿಂದ. ದಂಡೆಯನ್ನೆಲ್ಲ ಕಲ್ಲು ಹಾಸಿ, ಸಿಮೆಂಟು ಬಳಿದು, ಸೋಪಾನ ಕಟ್ಟಿದರೆ ಸೇತುವೆ ಇದ್ದಲ್ಲೇ ಇರುತ್ತದೆ, ಗೂಡು ಇರುವುದಿಲ್ಲ. ಅರ್ಧ ಮಾರು ಕೆಸರಿಲ್ಲದ ಕಾರಣಕ್ಕೆ ಇಡೀ ಸೇತುವೆ ವ್ಯರ್ಥ. ಘಟಕದ ಅಂದಚೆಂದವನ್ನು ಹೊಗಳುವ ಬರವಣಿಗೆಗಳು ಈ ಕೆಸರನ್ನು ಮರೆಯುತ್ತವೆ.

ಇನ್ನು ಜೈನ ಓದುಗರಿಗೆ ಸಹಜವಾಗಿಯೇ ಮುಜುಗರ ತರುವ ಪ್ರಶ್ನೆಯೊಂದಿದೆ, ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ನದೀತೀರದ ಜೀವಿಗಳಲ್ಲಿ ಬಹುಪಾಲು ಮಾಂಸಾಹಾರಿಗಳು. ಮಿಂಚುಳ್ಳಿ, ಕೊಕ್ಕರೆ, ನದಿ ರೀವ, ನೀರುನಾಯಿ, ಮೊಸಳೆ ಎಲ್ಲವೂ ಮೀನನ್ನು ಕೊಂದು ಬದುಕುತ್ತವೆ. ಮಿಂಚುಳ್ಳಿಗೆ ಬಿಲ ಕಲ್ಪಿಸಿದವನು ಮೀನಿನ ವಧೆಯಲ್ಲಿ ಪಾಲುದಾರನೇ? ದೆಹಲಿಯ ಕೆಂಪುಕೋಟೆಯೆದುರಿನ ದಿಗಂಬರ ಜೈನ ಮಂದಿರದ ಪಕ್ಷಿಗಳ ಆಸ್ಪತ್ರೆ ಇಂತಹ ಸಂಕಟಕ್ಕೆ ತನ್ನದೇ ಪರಿಹಾರ ಕಂಡುಕೊಂಡಿತ್ತು: ಮಾಂಸಾಹಾರಿ ಹಕ್ಕಿಗೆ ಚಿಕಿತ್ಸೆಯುಂಟು, ಆದರೆ ಹೊರರೋಗಿಯಾಗಿ; ಒಳಗೆ ಇರಿಸಿಕೊಂಡು ಮಾಂಸ ತಿನ್ನಿಸುವುದಿಲ್ಲ. ನಗೆ ತರಿಸುವಂತೆ ಕಂಡರೂ ಇದರಲ್ಲಿ ಸೂಕ್ಷ್ಮ ವಿವೇಕವಿದೆ. ಹದ್ದಿನ ಗಾಯಕ್ಕೆ ಮದ್ದು ಹಾಕುವಾಗ ಅದು ನಾಳೆ ಏನನ್ನು ತಿನ್ನುವುದೆಂದು ಅಲ್ಲಿ ಕೇಳುವುದಿಲ್ಲ. ಆವಾಸದಾನಕ್ಕೂ ಈ ವಿವೇಕ ಅನ್ವಯಿಸಬಹುದು. ಕಾಳು ಸುರಿಯುವವನು ಯಾರು ಬದುಕಬೇಕೆಂದು ಆರಿಸುತ್ತಾನೆ. ಪಾರಿವಾಳವನ್ನು ಆರಿಸಿ ಗುಬ್ಬಚ್ಚಿಯನ್ನು ಬಿಟ್ಟಂತೆ. ದಂಡೆಯ ಮಣ್ಣನ್ನು ಮಣ್ಣಾಗಿಯೇ ಬಿಟ್ಟವನು ಯಾರನ್ನೂ ಆರಿಸುವುದಿಲ್ಲ. ಅಲ್ಲಿ ಮಿಂಚುಳ್ಳಿಯೂ ಇರಬಹುದು, ಅದರಿಂದ ತಪ್ಪಿಸಿಕೊಳ್ಳುವ ಮೀನಿಗೆ ಬೇರಿನ ಮರೆಯೂ ಇರಬಹುದು. ಜೀವಗಳು ಒಂದಕ್ಕೊಂದು ಉಪಕಾರಕಗಳೆಂದು ತತ್ತ್ವಾರ್ಥಸೂತ್ರ ಹೇಳುವಾಗ ಅದು ಸಸ್ಯಾಹಾರಿಗಳನ್ನಷ್ಟೇ ಎಣಿಸಿಲ್ಲ. ಆದರೂ ಈ ವಾದ ಎಲ್ಲ ಕಡೆ ನಿಲ್ಲದು. ನದಿ ರೀವವನ್ನೇ ತೆಗೆದುಕೊಳ್ಳಬಹುದು: ಜಾಗತಿಕ ಕೆಂಪುಪಟ್ಟಿ ಅಪಾಯದ ಅಂಚಿನಲ್ಲಿರಿಸಿರುವ ಈ ಹಕ್ಕಿ ನದಿಯ ನಡುವಿನ ಬರಿ ಮರಳಿನ, ಬರಿ ಕಲ್ಲಿನ ಮೇಲೆ ಮೊಟ್ಟೆಯಿಡುತ್ತದೆ, ಲಕ್ಕವಳ್ಳಿಯ ಬಳಿ ಭದ್ರಾ ಹಿನ್ನೀರಿನ ಕಿರುದ್ವೀಪದಲ್ಲಿ ಅವು ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ಅದಕ್ಕಾಗಿಯೇ ಯುರೋಪಿನಲ್ಲಿರುವಂತೆ ಜಲ್ಲಿಕಲ್ಲು ಹಾಸಿದ ತೇಲುತೆಪ್ಪವನ್ನು ಮಾಡಿ ನಿಲ್ಲಿಸಿದರೆ ಅದು ಆಯ್ಕೆಯೇ. ಅಂತಹ ಕೆಲಸ ಶ್ರಾವಕನದೋ ಅರಣ್ಯ ಇಲಾಖೆಯದೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗಲಾರದು.

ಟ್ರಸ್ಟುಗಳ ಪಾಲಿಗೆ ಇದಕ್ಕಿಂತ ಹತ್ತಿರದ, ಸಂದೇಹವಿಲ್ಲದ ಕರ್ತವ್ಯವೊಂದಿದೆ. ಅದು ಜೀರ್ಣೋದ್ಧಾರಕ್ಕೆ ಸಂಬಂಧಿಸಿದ್ದು. ಹಿಂಸೆಯ ಲಕ್ಷಣವನ್ನು ಆಚಾರ್ಯರು ಪ್ರಮಾದದೊಂದಿಗೆ ಜೋಡಿಸಿದ್ದಾರೆ. ಎಚ್ಚರಗೇಡಿನಿಂದ ಪ್ರಾಣಹಾನಿಯಾದರೆ ಅದು ಹಿಂಸೆ. ಗೃಹಸ್ಥನಿಗೆ ಕಟ್ಟಡ ಕೆಲಸದ ಆರಂಭೀ ಹಿಂಸೆ ಪೂರ್ತಿ ತಪ್ಪದೆಂದು ಒಪ್ಪಿದರೂ, ತಪ್ಪಿಸಬಹುದಾದುದನ್ನು ತಪ್ಪಿಸದಿದ್ದರೆ ಅದಕ್ಕೆ ಆ ವಿನಾಯಿತಿ ಸಲ್ಲದು. ಹಳೆಯ ಛತ್ರ, ಧರ್ಮಶಾಲೆ, ಬಸದಿಯ ಪ್ರಾಕಾರ, ನದಿಯ ಸೋಪಾನಗಳಿಗೆ ಗಿಲಾವು ಮಾಡಿಸುವಾಗ ಸಂದಿನೊಳಗೆ ಮರಿಗಳಿವೆಯೇ ಎಂದು ನೋಡುವ ಪದ್ಧತಿ ಎಷ್ಟು ಕಡೆ ಇದೆ? ಒಂದು ದಿನದ ಸಿಮೆಂಟಿನ ಕೆಲಸದಲ್ಲಿ ಗುಬ್ಬಚ್ಚಿಯ ಮರಿ, ಹಗಲು ನಿದ್ರಿಸುವ ಬಾವಲಿ, ಓತಿಕೇತ ಜೀವಸಹಿತ ಗೋಡೆಯೊಳಗೆ ಸೇರಿಹೋಗಬಹುದು. ಸೂರ್ಯಾಸ್ತದ ನಂತರ ಉಣ್ಣದ, ನೀರನ್ನು ಸೋಸಿ ಕುಡಿಯುವ ಮನೆತನದವರ ಹಣದಲ್ಲಿ ಇದು ನಡೆದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಯಾರೂ ಬೇಕೆಂದು ಮಾಡುವುದಿಲ್ಲ. ಯಾರೂ ನೋಡುವುದೂ ಇಲ್ಲ.

ಇದಕ್ಕೆ ಬೇಕಾದ ವಾಸ್ತುಜ್ಞಾನ ಅಲ್ಪ. ಗುಬ್ಬಚ್ಚಿಗೆ 32 ಮಿಲಿಮೀಟರ್ ಅಗಲದ ಬಾಯಿ ಸಾಕು. ಅದರಲ್ಲಿ ಪಾರಿವಾಳ ನುಗ್ಗಲಾರದು. ಒಳಗೆ ಗೇಣುದ್ದದ ಟೊಳ್ಳು, ನೆಲದಿಂದ ಆಳೆತ್ತರಕ್ಕಿಂತ ಮೇಲೆ, ನಡುಹಗಲಿನ ಬಿಸಿಲು ಹೊಡೆಯದ ಮುಖದಲ್ಲಿ. ಗೋಡೆಯ ಇಟ್ಟಿಗೆಯ ಅಳತೆಗೇ ಸುಟ್ಟ ಮಣ್ಣಿನ ಟೊಳ್ಳು ಇಟ್ಟಿಗೆಯನ್ನು ಕುಂಬಾರರು ಮಾಡಿಕೊಟ್ಟಾರು. ಬಾವಲಿಗೆ ಎರಡು ಮೂರು ಸೆಂಟಿಮೀಟರ್ ಅಗಲದ, ಗೇಣಿಗಿಂತ ಆಳದ, ಕೆಳಮುಖವಾಗಿ ತೆರೆದ ಸೀಳು. ಮಿಂಚುಳ್ಳಿಗೆ ನದೀಗೋಡೆಯಲ್ಲಿ ಪ್ರವಾಹಮಟ್ಟಕ್ಕಿಂತ ಮೇಲೆ ಸುಮಾರು 6 ಸೆಂಟಿಮೀಟರ್ ವ್ಯಾಸದ ಕೊಳವೆ, ಒಳಗೆ ತುಸು ಮೇಲಕ್ಕೆ ವಾಲಿರಬೇಕು, ಹಿಂದೆ ಮರಳುಮಣ್ಣು ತುಂಬಿರಬೇಕು. ಉಳಿದುದನ್ನು ಅದೇ ತೋಡಿಕೊಳ್ಳುತ್ತದೆ. ಮೀನಿಗೆ ಗಾರೆಯಿಲ್ಲದೆ ಜೋಡಿಸಿದ ಕಲ್ಲು. ಹಾವು ಸೇರುವುದೆಂಬ ಭಯ, ಗೋಡೆ ಬಲಗುಂದುವುದೆಂಬ ಭಯ ಎರಡನ್ನೂ ಜನ ಹೇಳುತ್ತಾರೆ. ಎರಡನೆಯದಕ್ಕೆ ಎಂಜಿನಿಯರ್ ಉತ್ತರಿಸಬಲ್ಲ. ಮೊದಲನೆಯದು ಪೂರ್ತಿ ಸುಳ್ಳಲ್ಲ. ಆದುದರಿಂದ ಇಂತಹ ಟೊಳ್ಳುಗಳನ್ನು ಮನುಷ್ಯರು ಕೂರುವ, ಮಲಗುವ ಎಡೆಗಳಿಂದ ದೂರವಿಡಬೇಕು.

ಮಂಡಿ ಮೊಹಲ್ಲಾದ ಸುತ್ತ ರಸ್ತೆಗಳು ಅಗಲವಾದಂತೆ ಹಳೆಯ ಮುಖಗೋಡೆಗಳು ಹೋದವು, ಹೊಸ ಮುಖಗಳು ಗಾಜು ಮತ್ತು ಅಲ್ಯೂಮಿನಿಯಂ ಹಾಳೆಗಳಿಂದ ಮುಚ್ಚಿಕೊಂಡವು. ಉಳಿದ ಮನೆಗಳ ದುರಸ್ತಿಗೆ ಮೇಸ್ತ್ರಿಯನ್ನು ಕರೆಸಿದಾಗ ಅವನು ಸಾರುವೆಯನ್ನು ಇಳಿಸುತ್ತ ಮೇಲಿನಿಂದ ಒಂದೊಂದೇ ರಂಧ್ರವನ್ನು ಕರಣೆಯಿಂದ ಮುಚ್ಚುತ್ತ ಬರುತ್ತಾನೆ. ಅದು ಕೆಲಸದ ಕೊನೆಯ ಅರ್ಧ ದಿನ. ಅಷ್ಟರಲ್ಲಿ ಮನೆಯವರು ಬಣ್ಣದ ಲೆಕ್ಕ ನೋಡುತ್ತಿರುತ್ತಾರೆ. ಮುಚ್ಚಬೇಕೇ ಎಂದು ಅವನು ಕೇಳುವುದಿಲ್ಲ, ಕೇಳುವ ರೂಢಿಯೇ ಇಲ್ಲ. ಕರಾರುಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಬಿಡುತ್ತಾನೆ.